ಕಲ್ಲು ಅಲ್ಲೇ ಇರಲಿ, ವಿವರ ಬರೆದುಕೊಳ್ಳಿ

ಮರಾಠಿಯಲ್ಲಿ ವೀರಗಲ್ಲಿಗೆ ‘ವೀರಗಳ’ ಎನ್ನುತ್ತಾರೆ. ಬಾಲದಲ್ಲಿರುವ ‘ಗಳ’ ನಮ್ಮ ಕಲ್ಲೇ. ಉತ್ತರ ಕೊಂಕಣದಲ್ಲಿ ಇನ್ನೊಂದು ಬಗೆಯ ಕಲ್ಲು ಸಿಗುತ್ತದೆ, ಅದರ ಹೆಸರು ‘ಗಧೇಗಳ’, ಅಂದರೆ ಕತ್ತೆಯ ಕಲ್ಲು. ರಬಾಳೆಯಲ್ಲೋ ಐರೋಲಿಯಲ್ಲೋ ಡೊಂಬಿವಲಿಯಲ್ಲೋ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ಎರಡು ಪದ ಗೊತ್ತಿದ್ದರೆ ಇಲ್ಲಿನ ಪುರಾತತ್ವದ ಕೆಲಸಕ್ಕೆ ಅರ್ಧ ಬಾಗಿಲು ತೆರೆದಂತೆ. ಉಳಿದರ್ಧಕ್ಕೆ ಬೇಕಾದ್ದು ಭಾನುವಾರದ ಬಿಡುವು, ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು ಮತ್ತು ಕಲ್ಲನ್ನು ಕಂಡಕೂಡಲೇ ಕೈ ಹಾಕದಿರುವ ಸಂಯಮ.

ರಬಾಳೆ ಸ್ಟೇಷನ್ನಿನಲ್ಲಿ ನಿಂತರೆ ಪೂರ್ವಕ್ಕೆ ಎಂಐಡಿಸಿ ಶೆಡ್ಡುಗಳು, ಅವುಗಳ ಹಿಂದೆ ಪಾರ್ಸಿಕ್ ಗುಡ್ಡ. ಪಶ್ಚಿಮಕ್ಕೆ ಕಟ್ಟಡಗಳಾಚೆ ಠಾಣೆ ಖಾಡಿ. ಖಾಡಿಯ ಆ ದಡ ಸಾಷ್ಟಿ, ಇಂಗ್ಲಿಷರ ಬಾಯಲ್ಲಿ ಸಾಲ್ಸೆಟ್. ಆ ದ್ವೀಪದ ನಡುವಿನ ಕಾಡಿನಲ್ಲಿ, ಬೋರಿವಲಿಯ ಪಕ್ಕ, ಕಾನ್ಹೇರಿ ಗುಹೆಗಳಿವೆ. ಅಲ್ಲಿ ಶಕವರ್ಷ 765ರ, ಅಂದರೆ ಕ್ರಿ.ಶ. 843ರ ಒಂದು ಶಾಸನವಿದೆ. ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ವಿಹಾರದ ರಿಪೇರಿಗೆ ಕೊಟ್ಟ ದಾನದ ಲೆಕ್ಕ ಅದರಲ್ಲಿದೆ. ಆಗ ಕೊಂಕಣ ಆಳುತ್ತಿದ್ದವನು ಶಿಲಾಹಾರರ ಪುಲ್ಲಶಕ್ತಿ. ಅವನ ಮೇಲಿನ ಚಕ್ರವರ್ತಿ ಅಮೋಘವರ್ಷ. ಅವನೇ ನಮ್ಮ ನೃಪತುಂಗ, ಮಾನ್ಯಖೇಟದವನು. ಶಾಲೆಯಲ್ಲಿ ‘ಕವಿರಾಜಮಾರ್ಗ’ದ ಜೊತೆ ಓದಿದ ಹೆಸರು ಬೋರಿವಲಿಯ ಬಂಡೆಯ ಮೇಲೆ ಕಂಡಾಗ ಈ ಊರು ನಮಗೆ ಪರವೂರಾಗಿ ಉಳಿಯುವುದಿಲ್ಲ. ಇಲ್ಲಿ ಸ್ವಯಂಸೇವೆಗೆ ಹೊರಡಲು ನನಗೆ ತೋರುವ ಮೊದಲ ಕಾರಣ ಇದೇ.

ಅಂಥ ಕೆಲಸ ಇಲ್ಲಿ ನಡೆದಿದೆ. ಮುಂಬೈ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಎಕ್ಸ್‌ಟ್ರಾ ಮ್ಯೂರಲ್ ಸ್ಟಡೀಸ್, ವಿಲೇಪಾರ್ಲೆಯ ಸಾಠೆ ಕಾಲೇಜಿನ ಪ್ರಾಚೀನ ಭಾರತೀಯ ಸಂಸ್ಕೃತಿ ವಿಭಾಗ ಮತ್ತು ಇಂಡಿಯಾ ಸ್ಟಡಿ ಸೆಂಟರ್ ಟ್ರಸ್ಟ್ ಸೇರಿ ಕಳೆದ ದಶಕದ ನಡುವಿನಲ್ಲಿ ಸಾಲ್ಸೆಟ್ ಶೋಧನಾ ಯೋಜನೆ ಕೈಗೊಂಡವು. ಮುಗ್ಧಾ ಕಾರ್ಣಿಕ್, ಕುರುಷ್ ದಲಾಲ್, ಸೂರಜ್ ಪಂಡಿತ್ ಮುಂತಾದವರು ಮುಂದೆ ನಿಂತರು. ಅವರ ಜೊತೆ ಬೀದಿ ಬೀದಿ ಸುತ್ತಿದವರಲ್ಲಿ ಪುರಾತತ್ವ ಕಲಿಯುವ ವಿದ್ಯಾರ್ಥಿಗಳೂ ಆಸಕ್ತರೂ ಇದ್ದರು. ಗಾವಠಾಣ (ಹಳೆಯ ಊರಿನ ನೆಲೆ), ಕೋಳೀವಾಡ (ಮೀನುಗಾರರ ಕೇರಿ), ಕೆರೆದಂಡೆ, ದೇವಸ್ಥಾನದ ಹಿತ್ತಲು, ಹೌಸಿಂಗ್ ಸೊಸೈಟಿಯ ಗೇಟು, ಹೀಗೆ ನೋಡುತ್ತಾ ಹೋಗಿ ಮಹಾನಗರದ ಮಧ್ಯೆಯೇ ವೀರಗಳ, ಗಧೇಗಳ, ಒಡೆದ ಮೂರ್ತಿ, ದೇವಾಲಯದ ಬಿಡಿಭಾಗಗಳನ್ನು ದಾಖಲಿಸಿದರು.

ಪುರಾತತ್ವ ಎಂದಕೂಡಲೇ ಕಣ್ಣಿಗೆ ಬರುವ ಚಿತ್ರ ಗುಂಡಿ, ಹಾರೆ, ಬ್ರಷ್ಷು. ಅದನ್ನು ಮೊದಲು ಪಕ್ಕಕ್ಕಿಡಿ. ಉತ್ಖನನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಲೈಸೆನ್ಸ್ ಬೇಕು, ಅದು ಸಂಸ್ಥೆಗಳಿಗೆ ಸಿಗುತ್ತದೆ, ಸ್ವಯಂಸೇವಕರಿಗಲ್ಲ. ಹೊಸಬರ ಪಾಲಿಗೆ ಬರುವುದು ಮೇಲ್ಮೈ ಶೋಧನೆ: ನೆಲದ ಮೇಲೆ ಈಗಾಗಲೇ ಕಾಣುತ್ತಿರುವುದನ್ನು ನಡೆದು ಹುಡುಕಿ, ಇದ್ದ ಜಾಗದಲ್ಲೇ ದಾಖಲಿಸುವುದು. ಇದು ಚಿಕ್ಕ ಕೆಲಸವೆಂದು ನನಗನ್ನಿಸುವುದಿಲ್ಲ. ನವಿ ಮುಂಬೈ ಕಟ್ಟಲು ಸಿಡ್ಕೋ 95 ಹಳ್ಳಿಗಳ ಜಮೀನಿಗೆ ಕೈಹಾಕಿತು. ರಬಾಳೆ, ಗೋಠಿವಲಿ, ತಳವಲಿ, ಘಣಸೋಲಿ ಇವೆಲ್ಲ ಆಗ್ರಿ-ಕೋಳಿ ಜನರ ಹಳೆಯ ಊರುಗಳು. ಹೊಲ ಹೋಯಿತು, ಕೆರೆ ಕುಗ್ಗಿತು. ಗಾವಠಾಣ ಮಾತ್ರ ಕಟ್ಟಡಗಳ ನಡುವೆ ಉಳಿದಿದೆ. ಈ ಪದವೂ ನಮಗೆ ಹೊಸದಲ್ಲ, ಕರ್ನಾಟಕದ ಕಂದಾಯ ದಾಖಲೆಯ ಗ್ರಾಮಠಾಣವೇ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಪಾಯದಲ್ಲಿ ಎದ್ದ ಕಲ್ಲು ಡೆಬ್ರಿಸ್ ಲಾರಿ ಹತ್ತುವ ಮೊದಲು ಯಾರಾದರೂ ನೋಡಬೇಕು. ಆ ನೋಡುವವರು ಅಲ್ಲೇ ವಾಸಿಸುವವರಾಗಿದ್ದರೆ ಒಳ್ಳೆಯದು. ವರ್ಷಕ್ಕೊಮ್ಮೆ ಬಂದುಹೋಗುವ ತಜ್ಞರಿಗೆ ಆ ಲಾರಿ ಸಿಗುವುದಿಲ್ಲ.

ಗಾಂವ್‌ದೇವಿಯ ಗುಡಿಯ ಪಕ್ಕ, ಆಲದ ಬುಡದಲ್ಲಿ, ಮೊಣಕಾಲೆತ್ತರದ ಕಲ್ಲೊಂದಿದೆ ಎಂದಿಟ್ಟುಕೊಳ್ಳಿ. ಮೇಲೆಲ್ಲ ಶೇಂದೂರ ಮೆತ್ತಿದೆ. ಚಪ್ಪಲಿ ಬಿಡಿ, ಅಲ್ಲಿದ್ದವರನ್ನು ಕೇಳಿ, ಆಮೇಲೆ ಹತ್ತಿರ ಹೋಗಿ. ಮೊದಲು ದೂರದಿಂದ ಒಂದು ಫೋಟೋ: ಗುಡಿ, ಮರ, ರಸ್ತೆ ಎಲ್ಲ ಬರಬೇಕು. ನಾಳೆ ಕಲ್ಲು ಜರುಗಿದರೆ ಎಲ್ಲಿತ್ತೆಂದು ಹೇಳುವುದು ಇದೊಂದೇ ಚಿತ್ರ. ಎರಡನೆಯದು ನೇರ ಎದುರಿನಿಂದ, ಪಕ್ಕದಲ್ಲಿ ಕಪ್ಪು-ಬಿಳಿ ಪಟ್ಟಿಯ 10 ಸೆಂ.ಮೀ. ಅಳತೆಪಟ್ಟಿ ಇಟ್ಟು. ಅದಿಲ್ಲದಿದ್ದರೆ ಶಾಲೆಯ ಸ್ಕೇಲು ಸಾಕು; ಪೆನ್ನು, ನಾಣ್ಯ ಬೇಡ. ಆಮೇಲೆ ಎಡ, ಬಲ, ಸಾಧ್ಯವಾದರೆ ಹಿಂಭಾಗ. ಅಕ್ಷರ ಇದ್ದಂತೆ ಕಂಡರೆ ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಬೆಳಿಗ್ಗೆ ಏಳರ ಓರೆ ಬಿಸಿಲಿಗೆ ಬನ್ನಿ, ಇಲ್ಲವೇ ನೆರಳು ಮಾಡಿ ಟಾರ್ಚನ್ನು ಕಲ್ಲಿನ ಬದಿಗೆ ಒರಗಿಸಿ ಹಿಡಿಯಿರಿ. ಸಪಾಟಾಗಿ ಕಂಡಿದ್ದ ಮೈಯಿಂದ ಸಾಲು ಸಾಲಾಗಿ ಗೆರೆಗಳು ಎದ್ದು ಬರುತ್ತವೆ. ಅಕ್ಷರ ಸ್ಪಷ್ಟವಾಗಲೆಂದು ಸುಣ್ಣದಕಡ್ಡಿ ಉಜ್ಜುವುದು, ಹಿಟ್ಟು ಹಚ್ಚುವುದು, ತಂತಿಬ್ರಷ್ಷಿನಿಂದ ತಿಕ್ಕುವುದು ಖಂಡಿತ ಕೂಡದು. ಒದ್ದೆ ಕಾಗದ ಒತ್ತಿ ಮಸಿಯಿಂದ ಅಚ್ಚು ತೆಗೆಯುವುದು ಪಳಗಿದ ಕೈಯ ಕೆಲಸ.

ಆಮೇಲೆ ಕಲ್ಲನ್ನು ಓದುವುದು. ಕೆಳಗಿನ ಅಂಕಣದಲ್ಲಿ ಕತ್ತಿ ಗುರಾಣಿ ಹಿಡಿದ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಎದುರು ಅವನು ಕೈಮುಗಿದು ಕೂತಿರುವುದು ಇದ್ದರೆ ಅದು ವೀರಗಲ್ಲು; ಹಾಸನದಲ್ಲೂ ಶಿವಮೊಗ್ಗದಲ್ಲೂ ನೋಡಿದ್ದೇ. ಬೋರಿವಲಿಯ ಏಕ್ಸರ್‌ನಲ್ಲಿರುವ ಕೆಲವು ವೀರಗಲ್ಲುಗಳಲ್ಲಿ ಕುದುರೆಗಳ ಬದಲು ಸಾಲು ಹುಟ್ಟಿನ ಹಡಗುಗಳಿವೆ, ಕಾಳಗ ನೀರಿನ ಮೇಲೆ ನಡೆದಿದೆ. ಗಧೇಗಳ ಬೇರೆ ಜಾತಿ. ತುದಿಯಲ್ಲಿ ಸೂರ್ಯ ಚಂದ್ರ, ಕೆಲವೆಡೆ ನಡುವೆ ಕಲಶ; ಕೆಳಗೆ ದಾನದ ಬರಹ; ಅದರ ಕೆಳಗೆ ಹೆಣ್ಣಿನ ಮೇಲೇರಿದ ಕತ್ತೆಯ ಚಿತ್ರ. ದಾನಕ್ಕೆ ತಪ್ಪಿದವನ ತಾಯಿಗೆ ಈ ಗತಿ ಬರಲಿ ಎಂಬ ಶಾಪ ಅದು. ನಮ್ಮ ಶಾಸನಗಳ ಕೊನೆಯಲ್ಲಿ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರುತ್ತದೆಯಲ್ಲ, ಅದನ್ನೇ ಇಲ್ಲಿ ಓದು ಬಾರದವರಿಗೂ ತಿಳಿಯುವಂತೆ ಕೊರೆದಿದ್ದಾರೆ. ಸೂರ್ಯ ಚಂದ್ರ ಇರುವವರೆಗೆ ದಾನ ನಡೆಯಲಿ ಎಂಬುದಂತೂ ಎರಡೂ ಕಡೆ ಒಂದೇ. ಚಿತ್ರ ನೋಡಿ ಮುಜುಗರಪಟ್ಟು ದಾಖಲೆಯ ಹಾಳೆಯಲ್ಲಿ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ಕಂಡದ್ದನ್ನು ಕಂಡಂತೆ ಬರೆಯಿರಿ.

ಹಾಳೆಯಲ್ಲಿ ಇರಬೇಕಾದ್ದು: ದಿನಾಂಕ, ಊರು, ಗುಡಿ ಅಥವಾ ಗಲ್ಲಿಯ ಹೆಸರು, ಮೊಬೈಲಿನ ಅಕ್ಷಾಂಶ-ರೇಖಾಂಶ, ಎತ್ತರ-ಅಗಲ-ದಪ್ಪ, ಕಲ್ಲು ಯಾವುದು (ಇಲ್ಲಿ ಸಾಮಾನ್ಯವಾಗಿ ಕಪ್ಪು ಬಸಾಲ್ಟ್), ಮುಖ ಯಾವ ದಿಕ್ಕಿಗೆ, ಒಡೆದಿದೆಯೇ, ಪೂಜೆ ಇದೆಯೇ, ಊರವರು ಅದನ್ನು ಏನೆಂದು ಕರೆಯುತ್ತಾರೆ. ಕೊನೆಯ ಕಾಲಮ್ಮು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕಾಲ ಯಾವುದೆಂದು ಊಹಿಸಿ ಬರೆಯಬೇಡಿ; ಅದನ್ನು ಲಿಪಿ ಬಲ್ಲವರು ಹೇಳಲಿ.

ಊರವರ ಜೊತೆ ಮಾತಾಡುವುದೂ ಒಂದು ವಿದ್ಯೆ. ‘ಇಥೆ ಶಿಲಾಲೇಖ ಆಹೇ ಕಾ’ (ಇಲ್ಲಿ ಶಾಸನ ಇದೆಯೇ) ಎಂದು ಕೇಳಿದರೆ ‘ನಾಹೀ’ ಎಂಬ ಉತ್ತರ ಸಿಗುವುದೇ ಹೆಚ್ಚು. ‘ಕಾಕಾ, ಗಾಂವ್‌ದೇವಿ ಎಲ್ಲಿ, ಮೊದಲು ಕೆರೆ ಎಲ್ಲಿತ್ತು, ಊರಿನ ಎಲ್ಲೆ ಎಲ್ಲಿ ಮುಗಿಯುತ್ತಿತ್ತು’ ಎಂದು ಕೇಳಿ. ವಯಸ್ಸಾದ ಹೆಂಗಸರಿಗೆ ಮಾವಶಿ, ಆಜಿ ಎನ್ನಿ. ದೇವರ ಕಲ್ಲಿಗೆ ಯಾವ ದಿನ ಏನು ಎಡೆ ಎಂಬುದನ್ನು ಅವರು ಬಲ್ಲರು. ಎಲ್ಲೆಯ ಪ್ರಶ್ನೆ ವ್ಯರ್ಥವಲ್ಲ: ದಾನಭೂಮಿಯ ಕಲ್ಲು ನೆಡುತ್ತಿದ್ದದ್ದು ಆ ಭೂಮಿಯ ಮೇಲೆ ಅಥವಾ ಅದರ ಗಡಿಯಲ್ಲಿ. ‘ಕೆಳಗೆ ನಿಧಿ ಇದೆಯಾ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ, ಇದು ಜಮೀನಿನ ಕಾಗದದಂಥ ಕಲ್ಲು ಎಂದು ನಿಧಾನವಾಗಿ ತಿಳಿಸಿ ಹೇಳಿ. ನಿಧಿಯ ಮಾತು ಹಬ್ಬಿದರೆ ರಾತ್ರಿ ಅಗೆಯುವವರು ಬರುತ್ತಾರೆ, ಕಲ್ಲು ಉಳಿಯುವುದಿಲ್ಲ. ಅದಕ್ಕೇ ನಿಖರ ಜಾಗವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕದೆ ನೀವು ಸೇರಿಕೊಂಡ ಶೋಧನಾ ಯೋಜನೆಯವರಿಗೆ ಮಾತ್ರ ಕೊಡಬೇಕು.

ಕಾನೂನು ಮೂರು ಮಾತಿನಲ್ಲಿ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕಿದರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ರಬಾಳೆಗೆ ಅದು ಠಾಣೆಯ ಕಚೇರಿ. 1972ರ ಪುರಾವಸ್ತು ಕಾಯಿದೆಯಲ್ಲಿ ನೂರು ವರ್ಷ ದಾಟಿದ ಮೂರ್ತಿ, ನಾಣ್ಯ, ಶಾಸನ ಪುರಾವಸ್ತು. ಹಸ್ತಪ್ರತಿಗೆ 75 ವರ್ಷ ಸಾಕು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು. ನೆಲದ ಮೇಲೆ ಬಿದ್ದ ಮಡಕೆಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಜಾಗದಿಂದ ಕಳಚಿದ ಚೂರಿಗೆ ಮಡಕೆಯ ಬೆಲೆಯೂ ಇರುವುದಿಲ್ಲ.

ಸೇರಿಕೊಳ್ಳುವ ದಾರಿ ಹೀಗೆ. ಕಲಿನಾ ಕ್ಯಾಂಪಸ್ಸಿನ ಎಕ್ಸ್‌ಟ್ರಾ ಮ್ಯೂರಲ್ ಕೇಂದ್ರವನ್ನೂ ಸಾಠೆ ಕಾಲೇಜಿನ ವಿಭಾಗವನ್ನೂ ವಿಚಾರಿಸಿ, ಈ ವರ್ಷ ಯಾವ ಕೋರ್ಸು, ಯಾವ ಕ್ಷೇತ್ರಕಾರ್ಯ ಇದೆ ಎಂದು ಕೇಳಿ. ಪ್ರತಿ ವರ್ಷವೂ ಒಂದೇ ಥರ ಇರುವುದಿಲ್ಲ. ಕೇಳಲು ಒಳ್ಳೆಯ ಕಾಲ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕೆಲಸವಿಲ್ಲ, ಆಮೇಲೂ ಹುಲ್ಲು ಒಣಗಿ ನೆಲ ಕಾಣಲು ಡಿಸೆಂಬರ್ ಬರಬೇಕು. ಆ ತಿಂಗಳುಗಳಲ್ಲಿ ದೇವನಾಗರಿಯ ಹಳೆಯ ಅಕ್ಷರರೂಪಗಳನ್ನು ಕಲಿತುಕೊಳ್ಳಬಹುದು. ಪದವಿ ಇಲ್ಲವೆಂದು ಹಿಂಜರಿಯಬೇಡಿ. 1882ರಲ್ಲಿ ಸೋಪಾರಾದ ಸ್ತೂಪ ಅಗೆಸಿ, ಅಶೋಕನ ಶಾಸನದ ತುಂಡು ಗುರುತಿಸಿದ ಭಗವಾನ್‌ಲಾಲ್ ಇಂದ್ರಜಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಊರಿಗೆ ಹೋದಾಗ ಬೆಂಗಳೂರಿನ ಕೆಲಸವನ್ನೂ ನೋಡಿ ಬನ್ನಿ: ಅಲ್ಲಿ ಸಾಮಾನ್ಯ ನಾಗರಿಕರು ಹುಡುಕಿ ಉಳಿಸಿದ ಶಾಸನಗಳನ್ನು ಮಿಥಿಕ್ ಸೊಸೈಟಿ ಈಗ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ.

ಕಣ್ಣು ಪಳಗಿಸಲು ನಾನು ಹೇಳುವ ಮೊದಲ ಜಾಗ ಅಂಬರನಾಥ. ರಬಾಳೆಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಕಲ್ಯಾಣ ದಾಟಿದರೆ ಬಂತು. ಶಿಲಾಹಾರ ಮಾಮ್ವಾಣಿಯ ಕಾಲದ, ಶಕ 982ರ, ಅಂದರೆ 1060ರ ಶಾಸನವಿರುವ ಶಿವಾಲಯ. ಹೊರಗೋಡೆಯ ಒಂದೇ ಒಂದು ಮೂರ್ತಿಯ ಮುಂದೆ ಅರ್ಧ ಗಂಟೆ ನಿಂತು, ಫೋಟೋ ತೆಗೆಯುವ ಮೊದಲು ಪೆನ್ಸಿಲಿನಲ್ಲಿ ಬರೆಯಿರಿ: ಎಷ್ಟು ಕೈ, ಯಾವ ಕೈಯಲ್ಲಿ ಏನು, ಯಾವುದು ಸವೆದಿದೆ. ಬರೆಯುವಾಗ ಕಾಣುವುದು ಕ್ಯಾಮೆರಾದಲ್ಲಿ ಕಾಣುವುದಿಲ್ಲ.

ಇನ್ನು ನಿಮ್ಮ ಗಾವಠಾಣದ ಕಲ್ಲು. ಹಾಳೆಯ ಒಂದು ಪ್ರತಿ ಯೋಜನೆಯವರಿಗೆ, ಒಂದು ನಿಮ್ಮಲ್ಲಿ, ಫೋಟೋದ ಪ್ರಿಂಟ್ ಒಂದು ಆ ಗುಡಿಯವರಿಗೆ. ಮಳೆ ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಮತ್ತೆ ಅಲ್ಲಿಗೆ ಹೋಗಿ. ಮೊದಲು ನಿಂತಿದ್ದ ಜಾಗದಲ್ಲೇ ನಿಂತು ಅದೇ ಚಿತ್ರ ತೆಗೆಯಿರಿ, ಹಳೆಯ ಹಾಳೆಯ ಕೆಳಗೆ ಹೊಸ ದಿನಾಂಕ ಹಾಕಿ, ಏನು ಬದಲಾಗಿದೆ ಎಂದು ಒಂದು ಸಾಲು ಬರೆಯಿರಿ.