‘ದ’ ಬಿಟ್ಟರೆ ಕೆಟ್ಟಿತು

ಗೋ ಟು ದ ಫ್ರೇಮ್. ಇಪ್ಪತ್ತೈದು ವರ್ಷಗಳ ಹಿಂದೆ ಮಲ್ಟಿಮೀಡಿಯಾ ಸಿ.ಡಿ. ಮಾಡುತ್ತಿದ್ದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದ್ದರೂ ಈ ಸಾಲು ಒಪ್ಪಿಸುತ್ತಿದ್ದರು. ಕಿವಿಗೆ ‘ಎಲ್ಲಿಗೋ ಹೋಗು’ ಅಂದ ಹಾಗಿದೆ. ಮಾಡಿಸುವ ಕೆಲಸ ಮಾತ್ರ ‘ಇದ್ದಲ್ಲೇ ಇರು’.

ಇದು ಡೈರೆಕ್ಟರ್ ಎಂಬ ತಂತ್ರಾಂಶದ ಮಾತು. 1985ರಲ್ಲಿ ಮ್ಯಾಕಿಂಟಾಷ್‌ಗಾಗಿ ವಿಡಿಯೋವರ್ಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿ, ಆಮೇಲೆ ಮ್ಯಾಕ್ರೋಮೀಡಿಯಾ ಕಂಪನಿಯ ಕೈಯಲ್ಲಿ ಬೆಳೆಯಿತು. ಒಳಗೆಲ್ಲ ನಾಟಕದ ಸಂಸಾರ: ಪರದೆಗೆ ಸ್ಟೇಜ್, ಚಿತ್ರ-ಸದ್ದುಗಳ ಉಗ್ರಾಣಕ್ಕೆ ಕಾಸ್ಟ್, ಯಾರು ಯಾವಾಗ ಬರಬೇಕೆಂಬ ಪಟ್ಟಿಗೆ ಸ್ಕೋರ್, ರಂಗಕ್ಕೆ ಬಂದ ಪಾತ್ರಕ್ಕೆ ಸ್ಪ್ರೈಟ್. ಇವರನ್ನೆಲ್ಲ ಕುಣಿಸಲು ಲಿಂಗೋ ಭಾಷೆ. ಅದನ್ನು ಕಟ್ಟಿದವರು ಜಾನ್ ಹೆನ್ರಿ ಥಾಂಪ್ಸನ್.

ಸ್ಕೋರಿನ ಮೇಲೆ ಓಡುವ ಗೆರೆ ಫ್ರೇಮಿನಿಂದ ಫ್ರೇಮಿಗೆ ಸರಿಯುತ್ತಲೇ ಇರುತ್ತದೆ. ತಡೆಯದಿದ್ದರೆ ನೀವು ಕಷ್ಟಪಟ್ಟು ಬರೆದ ಮೆನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಅದಕ್ಕೇ ಮೆನು ಇರುವ ಫ್ರೇಮಿನಲ್ಲಿ ಮೂರು ಸಾಲು:

ಆನ್ ಎಕ್ಸಿಟ್‌ಫ್ರೇಮ್
ಗೋ ಟು ದ ಫ್ರೇಮ್
ಎಂಡ್

ಫ್ರೇಮು ದಾಟುವ ಹೊತ್ತಿಗೆ ಮತ್ತೆ ಅದೇ ಫ್ರೇಮಿಗೆ ಹೋಗು ಎಂದರ್ಥ. ‘ಗೋ ಟು’ ಆಜ್ಞೆ. ‘ದ ಫ್ರೇಮ್’ ಒಂದು ಪ್ರಾಪರ್ಟಿ: ಈಗ ನಿಂತಿರುವ ಫ್ರೇಮಿನ ಸಂಖ್ಯೆ ಅದರಲ್ಲಿರುತ್ತದೆ. ಬಳಕೆದಾರ ಕ್ಲಿಕ್ ಮಾಡುವವರೆಗೂ ಗೆರೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ.

ಈ ‘ದ’ ನಮ್ಮಂಥ ಕನ್ನಡ ಮೀಡಿಯಂನವರ ಪಾಲಿಗೆ ಶನಿ. ನಮ್ಮ ಭಾಷೆಯಲ್ಲಿ ಅಂಥ ಪದವೇ ಇಲ್ಲ, ಬಾಯಿಗೆ ಬರಬೇಕಲ್ಲ! ಇಲಿಬಾಣ ಅಡ್ಡಕ್ಕೆ ಎಲ್ಲಿದೆ ಎಂದು ತಿಳಿಯಲು ‘ದ ಮೌಸ್‌ಎಚ್’ ಬರೆಯಬೇಕು. ನಾನು ‘ಮೌಸ್‌ಎಚ್’ ಅಂತಷ್ಟೇ ಬರೆದು, ಲಿಂಗೋ ಅದನ್ನು ಬೆಲೆಯಿಲ್ಲದ ಹೊಸ ವೇರಿಯಬಲ್ ಎಂದು ತಿಳಿದು ತಕರಾರು ತೆಗೆದದ್ದಕ್ಕೆ ಲೆಕ್ಕವಿಲ್ಲ. ಐದನೇ ಸ್ಪ್ರೈಟನ್ನು ಅಡ್ಡಕ್ಕೆ ಸರಿಸಬೇಕೆಂದರೆ ‘ಸೆಟ್ ದ ಲೋಕ್‌ಎಚ್ ಆಫ್ ಸ್ಪ್ರೈಟ್ 5 ಟು 100’. ಎಡ ಅಂಚಿನಿಂದ ನೂರು ಪಿಕ್ಸೆಲ್ ಎನ್ನಲು ಇಷ್ಟುದ್ದ ಮಂತ್ರ.

1990ರ ದಶಕದ ಕೊನೆಗೆ ಬಂದ ಏಳನೇ ಆವೃತ್ತಿ ಚುಕ್ಕೆಯ ದಾರಿ ತೆರೆಯಿತು: ಸ್ಪ್ರೈಟ್(5).ಲೋಕ್‌ಎಚ್ = 100. ‘ದ’ ಹೋಯಿತು, ‘ಆಫ್’ ಹೋಯಿತು. ಮೊದಲು ಒಡೆಯ, ಆಮೇಲೆ ಅವನ ಸೊತ್ತು. ಐದನೇ ಸ್ಪ್ರೈಟ್‌ನ ಲೋಕ್‌ಎಚ್. ಥೇಟ್ ಕನ್ನಡದ ಷಷ್ಠಿ ವಿಭಕ್ತಿ! ಇಂಗ್ಲಿಷಿನಂತೆ ಓದಿಸಿಕೊಳ್ಳುವ ಹಳೆಯ ರೀತಿಯೇ ಸುಲಭ ಎನ್ನುವವರು ಬಹಳ ಜನ ಇದ್ದರು. ಯಾರಿಗೆ ಸುಲಭ ಎಂದು ಅವರು ಕೇಳಿಕೊಳ್ಳಲಿಲ್ಲ.

ಇನ್ನೊಂದು ತೊಡಕು ಚುಕ್ಕೆಯಿಂದಲೂ ಹೋಗಲಿಲ್ಲ. ರಿಪೀಟ್ ಲೂಪಿನಲ್ಲಿ ಚೆಂಡನ್ನು ಹತ್ತತ್ತು ಪಿಕ್ಸೆಲ್ ಸರಿಸುತ್ತ ಹೋದೆ. ಪರದೆಯ ಮೇಲೆ ಚೆಂಡು ಅಲ್ಲಾಡದೆ, ಕೊನೆಗೆ ಒಮ್ಮೆಲೇ ಆ ತುದಿಗೆ ನೆಗೆಯಿತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ತಿಳಿದದ್ದು: ಪ್ರಾಪರ್ಟಿ ಬದಲಾದರೆ ಸಾಲದು, ‘ಅಪ್‌ಡೇಟ್‌ಸ್ಟೇಜ್’ ಎಂದು ಹೇಳಿ ರಂಗವನ್ನು ಮತ್ತೆ ಬಿಡಿಸಬೇಕು.

ಇಷ್ಟೆಲ್ಲ ತೊಡಕಿದ್ದರೂ ‘ದ ಜರ್ನಿಮನ್ ಪ್ರಾಜೆಕ್ಟ್’ ಎಂಬ ಆಟ ಡೈರೆಕ್ಟರಿನಲ್ಲೇ ತಯಾರಾದದ್ದು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನು ಅಡೋಬಿ ಕೊಂಡಿತು; 2017ರಲ್ಲಿ ಡೈರೆಕ್ಟರ್ ಮಾರಾಟ ನಿಂತಿತು, 2019ರಲ್ಲಿ ಅದರ ಶಾಕ್‌ವೇವ್ ಪ್ಲೇಯರ್ ಕೂಡ. ಸ್ಕಮ್‌ವಿಎಂ ಎಂಬ ಮುಕ್ತ ತಂತ್ರಾಂಶದ ಸ್ವಯಂಸೇವಕರು ಲಿಂಗೋವನ್ನು ಅರ್ಥ ಮಾಡಿಕೊಳ್ಳುವ ಎಂಜಿನ್ ಬರೆದಿದ್ದಾರೆ. ಕೆಲವು ಹಳೆಯ ಆಟಗಳು ಇಂದಿನ ಕಂಪ್ಯೂಟರಿನಲ್ಲೂ ಓಡುತ್ತಿವೆ. ನಿಮ್ಮ ಅಟ್ಟದ ಮೇಲೆ ಆ ಕಾಲದ ಸಿ.ಡಿ. ಇದ್ದರೆ ಗುಜರಿಗೆ ಹಾಕಬೇಡಿ. ಮೊದಲು ಒಂದು ಪ್ರತಿ ಮಾಡಿಟ್ಟುಕೊಳ್ಳಿ.