ಮೋಟರ್ ‘ಟ್ರಿಪ್’ ಆಯ್ತು ಅಂದ್ರೆ ಏನು?

ಕಬ್ಬಿನ ಗದ್ದೆಗೆ ನೀರು ಹಾಯ್ತಾ ಇದೆ.
ಇದ್ದಕ್ಕಿದ್ದಂಗೆ ಮೋಟರ್ ನಿಂತೋಯ್ತು.
‘ಟ್ರಿಪ್ ಆಯ್ತು’ ಅಂತೀವಿ.
ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಾ ಕಡೆ ಇದೇ ಮಾತು.
ಅಂದ್ರೆ ಏನಾಯ್ತು ಗೊತ್ತಾ?

ಇಂಗ್ಲಿಷಲ್ಲಿ ಪ್ರವಾಸಕ್ಕೂ ಟ್ರಿಪ್ಪೇ,
ಎಡವಿದ್ರೂ ಟ್ರಿಪ್ಪೇ.
ಕರೆಂಟಿನ ಕೆಲಸದಲ್ಲಿ ಮಾತ್ರ ಅರ್ಥ ಬೇರೆ:
ಅಪಾಯ ಕಂಡ ಕೂಡ್ಲೇ ತಾನಾಗೇ ಆಫ್ ಆಗೋದು.

ನಿಮ್ಮ ಮೋಟರ್‌ಗೆ ಮೂರು ಫೇಸ್ ಬೇಕು.
ಓಡ್ತಿರುವಾಗ ಒಂದು ಹೋದ್ರೆ,
ಹೊರೆಯೆಲ್ಲಾ ಉಳಿದವುಗಳ ಮೇಲೆ.
ನೊಗ ಹೊತ್ತ ಜೋಡೆತ್ತಲ್ಲಿ ಒಂದು ಕೂತ್ಬಿಟ್ರೆ
ಇನ್ನೊಂದರ ಕತ್ತು ಏನಾಗುತ್ತೆ?
ಹಂಗೇ ಇದೂ.
ಕಾಯಿಲ್ ಕಾಯುತ್ತೆ, ಕೊನೆಗೆ ಸುಡುತ್ತೆ.
ಅಷ್ಟರೊಳಗೆ ಸ್ಟಾರ್ಟರ್ ಒಳಗಿನ ರಿಲೇ
ಕರೆಂಟ್ ಕಡಿಯುತ್ತೆ.
ಅದೇ ಟ್ರಿಪ್.

‘ಸುಟ್ಟೋಯ್ತು’ ಅನ್ನೋದೇ ಬೇರೆ,
‘ಟ್ರಿಪ್ ಆಯ್ತು’ ಅನ್ನೋದೇ ಬೇರೆ.
ಸುಟ್ರೆ ರೀವೈಂಡಿಂಗ್ ಖರ್ಚು.
ಟ್ರಿಪ್ ಆದ್ರೆ, ರಿಲೇ ತನ್ನ ಕೆಲಸ ಮಾಡಿದೆ.




ಅದಕ್ಕೇ ಕೇಳ್ಕೊಳ್ತೀನಿ:
ಟ್ರಿಪ್ ಆದಾಗ ಪದೇ ಪದೇ ಹಸಿರು ಬಟನ್ ಒತ್ತಬೇಡಿ.
ರಿಲೇ ತಪ್ಪಿಸಿ ವೈರ್ ಕಟ್ಟಲೇಬೇಡಿ.
ಮೊದಲು ಮೂರೂ ಫೇಸ್ ಇದ್ಯಾ ನೋಡಿ.
ಇಲ್ದಿದ್ರೆ ಲೈನ್‌ಮನ್‌ಗೆ ಫೋನ್ ಮಾಡಿ,
‘ಒಂದು ಫೇಸ್ ಇಲ್ಲ’ ಅಂತ ಬಿಡಿಸಿ ಹೇಳಿ.