ಪ್ರತಿಕಾಯದ ತಡೆ ಮತ್ತು ಟಿ-ಜೀವಕೋಶದ ಗುರುತಿಸುವಿಕೆ

ವೈರಸ್ ಸೋಂಕನ್ನು ಎದುರಿಸಲು ದೇಹದಲ್ಲಿ ಎರಡು ಬಗೆಯ ರಕ್ಷಣೆಗಳಿವೆ. ರಕ್ತದಲ್ಲಿ ಸಂಚರಿಸುವ ಪ್ರತಿಕಾಯಗಳು ಜೀವಕೋಶದ ಹೊರಗಿರುವ ವೈರಸ್ಸಿಗೆ ಅಂಟಿಕೊಂಡು ಅದರ ಪ್ರವೇಶವನ್ನು ತಡೆಯುತ್ತವೆ. ವೈರಸ್ ಒಳಹೊಕ್ಕ ಬಳಿಕ ಆ ಜೀವಕೋಶವನ್ನೇ ಪತ್ತೆಹಚ್ಚಿ ನಾಶಪಡಿಸುವ ಹೊಣೆ ಟಿ-ಜೀವಕೋಶಗಳದು. ಸೋಂಕಿತ ಜೀವಕೋಶದ ಮೇಲ್ಮೈಯನ್ನು ಪ್ರತಿಕಾಯವೇ ಮೊದಲು ಮುಚ್ಚಿಬಿಟ್ಟರೆ ಟಿ-ಜೀವಕೋಶಕ್ಕೆ ಅದು ಕಾಣದೆ ಹೋಗಬಹುದಲ್ಲವೇ? ಕಾಯುವ ಕೈಯೇ ಶತ್ರುವಿಗೆ ಮರೆಯಾಗಬಲ್ಲ ಈ ಸಾಧ್ಯತೆಯನ್ನು ಪರಿಶೀಲಿಸುತ್ತ ಹೋದಂತೆ, ಟಿ-ಜೀವಕೋಶವು ವಾಸ್ತವವಾಗಿ ಏನನ್ನು ಗುರುತಿಸುತ್ತದೆ ಎಂಬ ಮೂಲಪ್ರಶ್ನೆಗೂ ಉತ್ತರ ದೊರೆಯಿತು.

1974ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಅವರು ಇಲಿಗಳಲ್ಲಿ ನಡೆಸಿದ ಪ್ರಯೋಗಗಳು, ಟಿ-ಜೀವಕೋಶವು ವೈರಸ್ಸನ್ನಷ್ಟೇ ಗುರುತಿಸುವುದಿಲ್ಲವೆಂದು ತೋರಿಸಿದವು. ಸೋಂಕಿತ ಜೀವಕೋಶದ ಮೇಲೆ ಸ್ವಂತ ದೇಹದ ಗುರುತಾದ ಎಂಎಚ್‌ಸಿ ಅಣುವೂ ಇರಬೇಕು. ಈ ಶೋಧಕ್ಕಾಗಿ ಇಬ್ಬರಿಗೂ 1996ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಎಂಎಚ್‌ಸಿ ಅಣುವಿಗೆ ಅಂಟುವ ಪ್ರತಿಕಾಯವನ್ನು ಬೆರೆಸಿದಾಗ ಟಿ-ಜೀವಕೋಶದ ದಾಳಿ ಕುಗ್ಗುವುದೂ ಕಂಡುಬಂದಿತು. ಆದರೆ ವೈರಸ್ಸಿನ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳಿಂದ ಎಲ್ಲ ಸಂದರ್ಭಗಳಲ್ಲಿಯೂ ಇಂತಹ ತಡೆ ಕಾಣಲಿಲ್ಲ.

ಈ ವ್ಯತ್ಯಾಸದ ಕಾರಣ ಮುಂದಿನ ದಶಕದಲ್ಲಿ ಸ್ಪಷ್ಟವಾಯಿತು. ಇನ್‌ಫ್ಲುಯೆಂಜಾ ವೈರಸ್ಸಿನ ಒಳಗಣ ಪ್ರೋಟೀನಿನ ಕಿರುತುಣುಕುಗಳನ್ನು ಟಿ-ಜೀವಕೋಶಗಳು ಗುರುತಿಸುತ್ತವೆಂದು ಅಲೆನ್ ಟೌನ್‌ಸೆಂಡ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಎಂಎಚ್‌ಸಿ ಅಣುವಿನ ರಚನೆಯಲ್ಲಿ ಅಂತಹ ತುಣುಕು ಕೂರುವ ತೋಡು ಕಾಣಿಸಿತು. ಪ್ರತಿಕಾಯವು ಸಾಮಾನ್ಯವಾಗಿ ಇಡಿಯ ಪ್ರೋಟೀನಿನ ಹೊರಮೈಯನ್ನು ಗುರುತಿಸಿದರೆ, ಟಿ-ಜೀವಕೋಶವು ತೋಡಿನಲ್ಲಿ ಕುಳಿತ, ಸುಮಾರು 8ರಿಂದ 10 ಅಮೈನೋ ಆಮ್ಲಗಳ ತುಣುಕನ್ನು ಎಂಎಚ್‌ಸಿ ಅಣುವಿನೊಡನೆ ಸೇರಿಸಿ ಗುರುತಿಸುತ್ತದೆ.

ಹಾಗಾದರೆ ಆ ಜೋಡಿಗೇ ಅಂಟುವ ಪ್ರತಿಕಾಯ ದೊರೆತರೆ ತಡೆ ನಿಖರವಾಗಬೇಕು. 1997ರಲ್ಲಿ ವರದಿಯಾದ ಒಂದು ಪ್ರತಿಕಾಯ ಅಂತಹದು. ಮೊಟ್ಟೆಯ ಬಿಳಿಭಾಗದ ಓವಾಲ್ಬುಮಿನ್ ಪ್ರೋಟೀನಿನ 8 ಅಮೈನೋ ಆಮ್ಲಗಳ ತುಣುಕನ್ನು ಹೊತ್ತ ಇಲಿಯ ಎಂಎಚ್‌ಸಿ ಅಣುವಿಗೆ ಅದು ಅಂಟುತ್ತದೆ. ಬೇರೆ ತುಣುಕನ್ನು ಹೊತ್ತಿದ್ದರೆ ಹಾಗೆ ಅಂಟದು. ಓವಾಲ್ಬುಮಿನ್ ಜೀನನ್ನು ಸೇರಿಸಿದ ವ್ಯಾಕ್ಸಿನಿಯಾ ವೈರಸ್ಸಿನಿಂದ ಸೋಂಕಿತವಾದ ಜೀವಕೋಶಗಳಲ್ಲಿ ಈ ಜೋಡಿಯನ್ನು ನೇರವಾಗಿ ಎಣಿಸಲು ಅದರಿಂದ ಸಾಧ್ಯವಾಯಿತು. ಅದೇ ಪ್ರತಿಕಾಯವು ಆ ಜೋಡಿಯನ್ನರಸುವ ಟಿ-ಜೀವಕೋಶಗಳ ದಾರಿಯನ್ನೂ ಮುಚ್ಚಬಲ್ಲದು.

ಪ್ರಯೋಗಾಲಯದ ಈ ತಡೆ ನೈಸರ್ಗಿಕ ಸೋಂಕಿನ ಸಾಮಾನ್ಯ ಸ್ಥಿತಿಯಲ್ಲ. ಪ್ರತಿಕಾಯ ಮತ್ತು ಟಿ-ಜೀವಕೋಶಗಳು ಬೇರೆ ಬೇರೆ ಗುರುತುಗಳನ್ನು ಅರಸುವುದರಿಂದಲೇ ಅವು ಸಾಮಾನ್ಯವಾಗಿ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಹೊರಮೈ ಬದಲಿಸಿಕೊಂಡ ವೈರಸ್ ಪ್ರತಿಕಾಯದಿಂದ ನುಣುಚಿಕೊಂಡರೂ, ಬದಲಾಗದೆ ಉಳಿದ ಒಳಪ್ರೋಟೀನಿನ ತುಣುಕು ಅದನ್ನು ಟಿ-ಜೀವಕೋಶಕ್ಕೆ ತೋರಿಸಿಕೊಡಬಲ್ಲದು. ಲಸಿಕೆಗಳನ್ನು ರೂಪಿಸುವವರು ಈ ಎರಡೂ ರಕ್ಷಣೆಗಳನ್ನು ಗಮನದಲ್ಲಿಡುವುದು ಈ ಕಾರಣದಿಂದಲೇ.